ಇವತ್ತಿನ ಪದ: ಮಿಸ್

"ಅಮ್ಮ, ಇವತ್ತಿನ ಪದ ಎಷ್ಟ್ ಚೆನ್ನಾಗಿ ಹೇಳ್ಕೊಟ್ಟೆ!" ರಮ್ಯಶ್ರೀ ಚಪ್ಪಲಿ ಬಿಡುವ ಮೊದಲೇ ಲಿಖಿತ್ ಓಡಿ ಬಂದ.

ಹೊರಮಾವಿನ ಈ ಮನೆಯನ್ನೂ ಗಂಡ ಶ್ರೀನಾಥನನ್ನೂ ಅವಳು ಬಿಟ್ಟು ವರ್ಷವಾಗಿತ್ತು. ಮಗ ಇಲ್ಲೇ ಉಳಿದ. ಭಾನುವಾರ ಮಧ್ಯಾಹ್ನ ಬಂದು ನೋಡಿಕೊಂಡು ಹೋಗಲು ಕೋರ್ಟು ಅವಕಾಶ ಕೊಟ್ಟಿತ್ತು.

"ಯಾವ ಪದ ಪುಟ್ಟಾ?"

"ಮಿಸ್!" ಅವನು ಟ್ಯಾಬ್ ಒತ್ತಿದ.

ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಆ್ಯಪ್ ಒಂದಕ್ಕೆ ಅವಳು ದೊಮ್ಮಲೂರಿನ ಸ್ಟುಡಿಯೋದಲ್ಲಿ ದನಿ ಕೊಡುತ್ತಿದ್ದದ್ದು ನಿಜ. ದಿನಕ್ಕೊಂದು ಪದ, ಅದರ ಬೇರೆ ಬೇರೆ ಅರ್ಥ. ಆದರೆ 'ಮಿಸ್' ಸರದಿ ಬಂದ ದಿನ ಕೊನೆಯ ಅರ್ಥ ಹೇಳಲು ಹೋದಾಗಲೆಲ್ಲ ಗಂಟಲು ಕಟ್ಟಿ ರೆಕಾರ್ಡಿಂಗ್ ನಿಂತೇಹೋಗಿತ್ತು. "ಇರ್ಲಿ ಬಿಡಿ ಮೇಡಂ, ನಿಮ್ಮ ವಾಯ್ಸ್ ನಮ್ಮ ಹತ್ರ ಬೇಕಾದಷ್ಟಿದೆ. ಇನ್ಮೇಲೆ ಕಂಪ್ಯೂಟರೇ ಹೇಳುತ್ತೆ," ಎಂದಿದ್ದ ಮ್ಯಾನೇಜರ್. ಅಲ್ಲಿಗೆ ಅವಳ ಕೆಲಸವೂ ಹೋಯಿತು.

ಈಗ ಟ್ಯಾಬಿನಿಂದ ಅವಳದೇ ದನಿ ಬರುತ್ತಿತ್ತು. "ಲಿಖಿತ್ ಪುಟ್ಟಾ, ಸ್ಕೂಲಲ್ಲಿ ಪಾಠ ಹೇಳ್ಕೊಡೋರು ಮಿಸ್. ಓಡಿ ಬಂದ್ರೂ ಬಸ್ಸು ಹೊರಟೋಯ್ತಾ? ಬಸ್ ಮಿಸ್. ನೀನು ಎಸೆದ ಬಾಲು ವಿಕೆಟ್ಟಿಗೆ ತಾಗ್ಲಿಲ್ವಾ? ಅದೂ ಮಿಸ್. ಇಷ್ಟವಾದವರು ಹತ್ತಿರ ಇಲ್ಲ ಅಂತ ಮನಸ್ಸಿಗೆ ಸಂಕಟ ಆಗುತ್ತಲ್ಲ, ಅದೂ ಮಿಸ್ಸೇ." ದನಿ ಎಲ್ಲಿಯೂ ನಡುಗಲಿಲ್ಲ. ಹೇಳಿ ಮುಗಿಸಿ, ಅವಳು ನಗುವ ಹಾಗೆಯೇ ಸಣ್ಣಗೆ ನಕ್ಕಿತು.

"ಇದು ನಾನಲ್ಲ ಕಂದಾ."

"ನೀನೇ. ನನ್ ಹೆಸರು ಹೇಳ್ತೀಯ. ಗುಡ್ ನೈಟೂ ಹೇಳ್ತೀಯ."

"ಅದು ಕಂಪ್ಯೂಟರು. ನನ್ನ ದನಿ ತಗೊಂಡು ಅದೇ ಮಾತಾಡುತ್ತೆ. ನಾನು ಇಲ್ಲಿ ಕೂತಿದೀನಲ್ಲ, ನೋಡು." ಅವನ ಕೆನ್ನೆ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ನೀನು ನನ್ನ ಮಿಸ್ ಮಾಡ್ಕೊಳಲ್ವಾ?"

ಲಿಖಿತ್ ಸ್ವಲ್ಪ ಯೋಚಿಸಿದ. "ಮುಂಚೆ ಮಾಡ್ಕೋತಿದ್ದೆ."

ಕಾಫಿ ತಂದಿಟ್ಟ ಅತ್ತೆ ಆಂಜನಮ್ಮ ಅಲ್ಲೇ ಕೂತರು. ಒರಟು ಹೆಂಗಸಲ್ಲ. ಮೆಲ್ಲಗೇ ಹೇಳಿದರು: "ಮೊದ್ಲು ರಾತ್ರಿಯೆಲ್ಲಾ ಅಮ್ಮ ಅಮ್ಮ ಅಂತ ಅಳ್ತಿದ್ದ ಕಣಮ್ಮ. ಈಗ ಇದನ್ನ ಕೇಳ್ಕೊಂಡು ಸುಮ್ನೆ ಮಲ್ಕೋತವ್ನೆ. ನೀನೂ ವಾರವಾರ ಯಾಕ್ ಒದ್ದಾಡ್ತೀಯ? ತಿಂಗ್ಳಿಗೊಂದ್ ಸಲ ಬಂದ್ರೆ ಸಾಕಲ್ವಾ ಅಂತವ್ನೆ ನಮ್ ಶ್ರೀನಾಥ. ಲಾಯರ್ ಹತ್ರಾನೂ ಮಾತಾಡವ್ನೆ."

ರಮ್ಯಶ್ರೀ ಕಾಫಿ ಮುಟ್ಟಲಿಲ್ಲ. ಮಗನನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. "ಅದನ್ನ ಆಫ್ ಮಾಡು ಪುಟ್ಟಾ. ನಾನೇ ಹೇಳ್ತೀನಿ, ಕೇಳು. ಮಿಸ್ ಅಂದ್ರೆ..."

ಅಷ್ಟರಲ್ಲಿ ಟ್ಯಾಬ್ ಮುಂದಿನ ಪದ ಶುರುಮಾಡಿತ್ತು. ಲಿಖಿತ್ ತೊಡೆಯಿಂದ ಜಾರಿ ಕೆಳಗಿಳಿದ. ತುಟಿಯ ಮೇಲೆ ಬೆರಳಿಟ್ಟ.

"ಶ್! ಸುಮ್ನಿರಮ್ಮ. ಅಮ್ಮ ಮಾತಾಡ್ತಿದಾಳೆ."