ಬೇಲಿಯೊಳಗಿನದು

ಗೋಮಾಳದಲ್ಲಿ ಊರವರೆಲ್ಲ ಸೇರಿ ಹಣ್ಣಿನ ತೋಟ ಮಾಡುವ ದಿನ. ಮಾವಿನ ಸಸಿ ಹಿಡಿದು ಬಾಗಿದ ಅವ್ವನನ್ನು ಪಂಚಾಯ್ತಿ ಅಧ್ಯಕ್ಷರು ತಡೆದರು.

"ಗಂಡ ಸತ್ತೋಳ ಕೈ ಹಣ್ಣಿನ ಗಿಡಕ್ಕೆ ಬ್ಯಾಡ ಕಣವ್ವ. ತಾಯಿ ಮಗಳು ಹೋಗಿ ಬೇಲಿ ನೆಡ್ಕಳಿ."

ಯಾರೋ ಕಿಸಕ್ಕೆಂದರು. ಅವ್ವ ಸಸಿಯನ್ನು ಕೆಳಗಿಟ್ಟಳು. ನಾನು ಕಡ್ಡಿಯ ಹೊರೆ ಹೊತ್ತೆ. ಪೊದೆಗಳಲ್ಲಿ ಗೋಮಾಳದ ಹಳೆಯ ಗಡಿಕಲ್ಲುಗಳನ್ನು ಹುಡುಕಿ ಹುಡುಕಿ, ಅವುಗಳ ಗುಂಟ ಬೇಲಿಗಿಡದ ಕಡ್ಡಿ ಊರಿದೆವು. ಒಣಕಡ್ಡಿ ನೋಡಲು ಯಾರೂ ಬರಲಿಲ್ಲ.

ಮಳೆಗೆ ಬೇಲಿ ಚಿಗುರಿತು. ಅಧ್ಯಕ್ಷರು ಸಭೆಯಲ್ಲಿ ಗುಡುಗಿದರು: "ಬೇಲಿ ಒಳಗಿರೋದೆಲ್ಲ ಊರಿಂದು! ನಂದು ಅಂದೋನ ಕಾಲ್ ಮುರೀತೀನಿ!"

ಚಪ್ಪಾಳೆ ನಿಲ್ಲುವವರೆಗೆ ಕಾದು, ನಾನು ಎದ್ದುನಿಂತೆ.

"ಅಧ್ಯಕ್ಷ್ರೇ, ಹಳೇ ಗಡಿಕಲ್ಲಿನ ಗುಂಟ ನೆಟ್ಟಿದ್ದಕ್ಕೆ ನಿಮ್ಮ ತೆಂಗಿನ ಸಾಲೂ ಬೇಲಿಯೊಳಗೇ ಬಂದೈತೆ. ಕಾಯಿ ಕೀಳಕ್ಕೆ ನಮ್ಮವ್ವನ ಕೈ ಆಯ್ತದಾ?"