ಅರ್ಧ ಎಂಟು

"ಮಾದೇಶ, ಒಂದು ಪೆನ್ಸಿಲ್ ಕೊಡು ಕಣ್ಲಾ" ಎಂದು ಗುರುಮಲ್ಲಯ್ಯನವರು ಕೈ ಚಾಚಿದಾಗ ಮೆಕ್ಯಾನಿಕ್ ಮಾದೇಶ ಪೆನ್ಸಿಲ್ ತೆಗೆದು ತನ್ನ ಕೈಯಲ್ಲೇ ಹಿಡಿದುಕೊಂಡ.

ಪೆನ್ಸಿಲ್ ಯಾಕೆ ಎಂದು ಅವನು ಕೇಳಲಿಲ್ಲ. ನಾಳೆ ಚಾಮರಾಜನಗರದ ಆರ್‌ಟಿಓ ಕಚೇರಿಯಲ್ಲಿ ವರ್ಷದ ತಪಾಸಣೆಗೆ ಗಾಡಿ ತೋರಿಸಬೇಕು. ಇಂಜಿನ್ ನಂಬರಿನ ಮೇಲೆ ಬಿಳಿ ಕಾಗದ ಇಟ್ಟು, ಪೆನ್ಸಿಲ್ ಉಜ್ಜಿ, ಮೂಡಿದ ಅಂಕಿಗಳನ್ನು ಅರ್ಜಿಗೆ ಅಂಟಿಸಬೇಕು. ಗುಂಡ್ಲುಪೇಟೆ ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಈ ಅಂಬಾಸಿಡರನ್ನೇ ಟ್ಯಾಕ್ಸಿ ಓಡಿಸಿದ ಗುರುಮಲ್ಲಯ್ಯನವರು ವರ್ಷ ವರ್ಷವೂ ಮಾಡಿಕೊಂಡು ಬಂದ ಕೆಲಸ ಅದು.

"ನಾನೇ ತಗ್ದುಕೊಡ್ತೀನಿ ಬುಡಿ ಅಣ್ಣ. ಕೈಯೆಲ್ಲ ಗ್ರೀಸಾಯ್ತದೆ."

"ನನ್ನ ಕೈ ಗ್ರೀಸ್ ಕಾಣದ ಕೈಯೇನ್ಲಾ? ಕೊಡು."

ಎರಡು ತಿಂಗಳ ಹಿಂದೆ ಇದೇ ಶೆಡ್ಡಿನಲ್ಲಿ ಇಬ್ಬರಿಗೂ ಮಾತಿಗೆ ಮಾತು ಬೆಳೆದಿತ್ತು. ಹಳೇ ಇಂಜಿನ್ ಬಿಚ್ಚಿ, ಬೋರ್ ಮಾಡಿಸಿ, ಪಿಸ್ಟನ್ನು ಬೇರಿಂಗು ಎಲ್ಲ ಹೊಸದು ಹಾಕಿ ಕಟ್ಟಿದರೆ ತೊಂಬತ್ತು ಸಾವಿರ. ಮೈಸೂರಿನ ಗುಜರಿಯಿಂದ ಬೇರೆ ಇಂಜಿನ್ ತಂದು ಕೂರಿಸಿದರೆ ನಲವತ್ತರಲ್ಲಿ ಮುಗಿಯುತ್ತದೆ ಎಂದು ಮಾದೇಶ ಬಡಕೊಂಡಿದ್ದ. "ಬ್ಯಾರೆ ಇಂಜಿನ್ ಕೂರಿಸಿದ್ಮೇಲೆ ಅದು ನನ್ನ ಗಾಡಿ ಎಂಗಾದದ್ಲಾ?" ಎಂದುಬಿಟ್ಟಿದ್ದರು ಗುರುಮಲ್ಲಯ್ಯನವರು. ಕಿವಿಯೋಲೆಗೆಂದು ಹೆಂಡತಿ ಪುಟ್ಟಸಿದ್ದಮ್ಮ ಕಟ್ಟುತ್ತಿದ್ದ ಚೀಟಿ ಎತ್ತಿ ತೊಂಬತ್ತು ಸಾವಿರ ಕೊಟ್ಟಿದ್ದರು.

ಆಮೇಲೆ ಆದದ್ದು ಮಾದೇಶನೊಬ್ಬನಿಗೇ ಗೊತ್ತು. ಕೆಲಸದವರು ಯಾರೂ ಬಾರದ ಒಂದು ಮಂಗಳವಾರ, ತಾನೊಬ್ಬನೇ ಗಾಡಿಯಿಂದ ಇಂಜಿನ್ ಎತ್ತಿಬಿಡುತ್ತೇನೆಂದು ಹೋದ. ಚೈನ್ ಪುಲ್ಲಿಯ ಕೊಕ್ಕೆ ಜಾರಿತು. ಅಷ್ಟು ವರ್ಷ ಊಟಿ ಘಾಟಿ ಹತ್ತಿ ಇಳಿದಿದ್ದ ಇಂಜಿನ್ನು ಸಿಮೆಂಟ್ ನೆಲಕ್ಕೆ ಬಿದ್ದು ಸೀಳುಬಿಟ್ಟಿತು. ಈ ಸುದ್ದಿ ಸ್ಟ್ಯಾಂಡಿಗೆ ಮುಟ್ಟಿದರೆ ನಾಳೆಯಿಂದ ತನ್ನ ಶೆಡ್ಡಿಗೆ ಯಾವ ಗಾಡಿಯೂ ಬರುವುದಿಲ್ಲ ಎಂದು ಹೆದರಿದ. ಸ್ವಂತ ಮೂವತ್ತೆಂಟು ಸಾವಿರ ಹಾಕಿ ಮೈಸೂರಿನಿಂದ ಅಂಥದೇ ಇಂಜಿನ್ ತಂದ, ಗುರುಮಲ್ಲಯ್ಯನವರ ದುಡ್ಡಿನ ಹೊಸ ಪಿಸ್ಟನ್ನು ಬೇರಿಂಗು ಎಲ್ಲ ಅದಕ್ಕೇ ಹಾಕಿ ಚೊಕ್ಕವಾಗಿ ಕಟ್ಟಿದ, ಅದರ ನಂಬರನ್ನು ಗ್ರೈಂಡರಿನಲ್ಲಿ ಉಜ್ಜಿಹಾಕಿ, ಹಳೇ ನಂಬರಿನ ಆರು ಅಂಕಿಗಳನ್ನು ಅಲ್ಲಿ ಸುತ್ತಿಗೆಯಿಂದ ಅಚ್ಚು ಹೊಡೆದ. ಪುಣ್ಯಾತ್ಮ, ಕಳ್ಳಕೆಲಸವನ್ನೂ ಕೈಯಿಂದ ದುಡ್ಡು ಹಾಕಿ ಮಾಡಿದ!

ಪುಟ್ಟಸಿದ್ದಮ್ಮ ನಾಲ್ಕೂ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಕರ್ಪೂರದ ಡಬ್ಬಿ ಹಿಡಿದು ಕಾಯುತ್ತಿದ್ದರು. "ಬೇಗ ಮುಗಿಸ್ಕಳಿ, ರಾವುಕಾಲ ಬಂದ್ಬುಡ್ತದೆ."

ಗುರುಮಲ್ಲಯ್ಯನವರು ಬಾನೆಟ್ಟಿನೊಳಗೆ ಬಗ್ಗಿ ಪೆನ್ಸಿಲ್ ಉಜ್ಜಿದರು. ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ಮಾದೇಶನಿಗೆ ತಡೆಯಲಾಗಲಿಲ್ಲ.

"ಆರೂ ಸರಿಯಾಗಿ ಮೂಡಿವೆ ಅಲ್ವಾ ಅಣ್ಣ?"

"ಮೂಡಿವೆ. ಅದೇ ಕಣ್ಲಾ, ಸರಿಯಾಗಿ ಮೂಡ್ಬುಟ್ಟವೆ."

ಅವರು ಜೇಬಿನಿಂದ ಆರ್‌ಸಿ ಪುಸ್ತಕದ ಪ್ಲಾಸ್ಟಿಕ್ ಕವರು ತೆಗೆದು, ಅದರೊಳಗಿದ್ದ ಇನ್ನೊಂದು ಕಾಗದದ ಚೂರನ್ನು ಹೊಸದರ ಪಕ್ಕ ಇಟ್ಟರು. ಹಿಂದಿನ ಸಲ ತೆಗೆದಿದ್ದ ಪೆನ್ಸಿಲ್ ಅಚ್ಚು. ಅದರಲ್ಲಿ ಕೊನೆಯ ಎಂಟಕ್ಕೆ ಕೆಳಗಿನ ಸುತ್ತು ಮಾತ್ರ ಇತ್ತು, ಮೇಲಿನದು ಇರಲಿಲ್ಲ.

"ಇಲ್ಲೇ ಮದ್ದೂರು ಕಾಡಲ್ಲಿ ಕೆಟ್ಟು ನಿಂತಾಗ ನಾನೇ ಸ್ಪ್ಯಾನರ್ ಜಾರ್ಸಿ ಕೆರೆದಾಕಿದ್ದೆ. ಅವತ್ತಿಂದ ವರ್ಷ ವರ್ಷವೂ 'ಇದೇನ್ರೀ, ಎಂಟೋ ಸೊನ್ನೆಯೋ' ಅಂತ ಇನ್ಸ್‌ಪೆಕ್ಟ್ರು ಕೇಳೋರು."

ಮಾದೇಶ ಅಂಕಿಗಳನ್ನು ಆರ್‌ಸಿ ನೋಡಿ ಬರೆದುಕೊಂಡಿದ್ದ. ಒಡೆದ ಇಂಜಿನ್ನಿನ ಮುಖ ನೋಡಲು ಅವನಿಗೆ ಧೈರ್ಯ ಬಂದಿರಲಿಲ್ಲ.

"ಕೈಜಾರಿ ಬಿದ್ದೋಯ್ತು ಅಣ್ಣ. ಒಡ್ದೋಯ್ತು. ನಿಮ್ಮ ದುಡ್ಡು ಒಂದ್ರುಪಾಯಿ ತಿಂದಿಲ್ಲ, ಇದ ತರಕ್ಕೆ ನನ್ನ ದುಡ್ಡೇ ಹಾಕಿದಿನಿ."

"ನಾಳೆ ಅವ್ರು ಕಂಡುಹಿಡಿದಿದ್ರೆ ಯಾರ ದುಡ್ಡು ಅಂತ ಕೇಳೋರೇನ್ಲಾ? ಗಾಡಿನೂ ಒಳಕ್ಕಾಕೋರು, ನನ್ನೂ ಒಳಕ್ಕಾಕೋರು. ಈ ವಯಸ್ಸಲ್ಲಿ ಕಳ್ಳ ಗಾಡಿ ಗುರುಮಲ್ಲಯ್ಯ ಅನ್ನಿಸ್ಕಬೇಕಾಗಿತ್ತು."

"ಏನಾಯ್ತು? ಕರ್ಪೂರ ಹಚ್ಚನಾ?" ಎಂದು ಪುಟ್ಟಸಿದ್ದಮ್ಮ ಆ ಕಡೆಯಿಂದ ಕೇಳಿದರು.

ಗುರುಮಲ್ಲಯ್ಯನವರು ಬಗ್ಗಿ, ಮುಂದಿನ ಚಕ್ರದ ಕೆಳಗಿದ್ದ ನಿಂಬೆಹಣ್ಣನ್ನು ಎತ್ತಿ ಹೆಂಡತಿಯ ಕೈಗಿಟ್ಟರು. "ಇವತ್ತು ಬ್ಯಾಡ ಕಣಮ್ಮಿ" ಎಂದರು. ಆಮೇಲೆ ಪಕ್ಕದಲ್ಲಿ ಬಿದ್ದಿದ್ದ ಹಳೇ ಟಯರಿನ ಮೇಲೆ ಕುಳಿತು ಕೈ ಒರೆಸಿಕೊಂಡರು.

"ಬಿದ್ದದ್ದಕ್ಕೆ ನಾನು ಏನೂ ಅನ್ನಲ್ಲ ಕಣ್ಲಾ. ನನ್ನ ಕೈಲೂ ಬೀಳ್ತಿತ್ತು. ಆರು ಅಂಕಿಗೆ ಆರು ಸಲ ಸುತ್ತಿಗೆ ಎತ್ತಿದಿಯಲ್ಲಾ, ಅಷ್ಟರಲ್ಲಿ ಒಂದ್ಸಲನಾರ ನಂಗೊಂದು ಫೋನ್ ಮಾಡನ ಅನ್ನುಸ್ನಿಲ್ವಾ?"

ಮಾದೇಶ ನೆಲ ನೋಡುತ್ತಲೇ ಹೇಳಿದ:

"ಐದನೇ ಅಂಕಿ ತಾವ ಅನ್ನುಸ್ತು ಅಣ್ಣ. ಅಷ್ಟೊತ್ಗೆ ನಾಲ್ಕು ಹೊಡ್ದಾಗಿತ್ತು."