ಹೊರಟಂತೆ ನಿಂತವಳು

ದಾವಣಗೆರೆಯ ಬಸ್ಸು ಬಂದು ನಿಂತ ಕೂಡಲೇ ಬೊಮ್ಮಲಿಂಗಪ್ಪ ಮಗಳು ಸ್ವಪ್ನಳ ಮಣಿಕಟ್ಟು ಹಿಡಿದ.

"ಅಪ್ಪಾ, ನೋಯ್ತೈತೆ."

"ನೋಯ್ಲಿ. ಹತ್ತು ಅಂದಾಗ ಹತ್ತು, ಇಳಿ ಅಂದಾಗ ಇಳಿ. ಅಲ್ಲೀತನಕ ನನ್ನ ಪಕ್ಕದಾಗೇ ಇರು."

ಚಳ್ಳಕೆರೆಯ ಬಸ್ ನಿಲ್ದಾಣದ ಮೇಲೆ ಗಿರಣಿಗಳ ಶೇಂಗಾಹಿಂಡಿಯ ವಾಸನೆ ಕವಿದಿತ್ತು. ಬಸ್ಸಿನೆದುರು ಬಾಡಿಗೆಯ ಕ್ಯಾಮೆರಾ ಹಿಡಿದು ನಿಂತವನು ಲೋಹಿತ, ಸ್ವಪ್ನಳ ಸಹಪಾಠಿ. ಬೊಮ್ಮಲಿಂಗಪ್ಪನ ಕಣ್ಣಿಗೆ ಕಳ್ಳ.

ರಾಂಪುರದ ಬೀಗರು ಡಿಗ್ರಿ ಪಾಸಾದ ಸೊಸೆಯೇ ಬೇಕೆಂದಿದ್ದರು. ಪಾಸಾಗಬೇಕಾದರೆ ಕಾಲೇಜಿಗೊಂದು ಕಿರುಚಿತ್ರ ಮಾಡಿಕೊಡಬೇಕಿತ್ತು. ವಿಡಿಯೋ ಕ್ಯಾಮೆರಾ ಯಾರ ಕೈಗೂ ಎಟುಕುವಂತಿರಲಿಲ್ಲ. ಫೋಟೋಗಳನ್ನೇ ಒಂದರ ಹಿಂದೊಂದು ತೋರಿಸಿ, ಮೇಲೆ ದನಿ ಕೂಡಿಸಿ, ಅದೂ ಸಿನಿಮಾವೇ ಎಂದಿದ್ದರು ಮೇಷ್ಟ್ರು. ಕಥೆಯೇನೆಂದು ಅಪ್ಪ ಕೇಳಿದಾಗ ಸ್ವಪ್ನ ಮುಚ್ಚಿಡಲಿಲ್ಲ. ಮನೆಯೊಂದರಲ್ಲಿ ಸಿಕ್ಕಿಬಿದ್ದ ಹೆಂಗಸು. ಒಂದು ದಿನ ಬಸ್ಸು ಹತ್ತಿ ಹೋಗುತ್ತಾಳೆ.

ಅಂದಿನಿಂದ ಬೊಮ್ಮಲಿಂಗಪ್ಪನಿಗೆ ನಿದ್ದೆಯಿಲ್ಲ. ಮದುವೆ ಗೊತ್ತಾದ ಮನೆಯ ಹೆಣ್ಣು ಬಸ್ಸು ಹತ್ತಿ ಹೋದಳೆಂಬ ಮಾತು ಹುಟ್ಟಿದರೆ ತನ್ನೂರು ದೇವಸಮುದ್ರದಲ್ಲಿ ಅವನು ತಲೆಯೆತ್ತುವಂತಿರಲಿಲ್ಲ. ಕುರಿಗಳನ್ನು ನೆರೆಮನೆಯ ಮಾರಯ್ಯನಿಗೊಪ್ಪಿಸಿ ತಾನೇ ಕಾವಲಿಗೆ ಹೊರಟ. ತನ್ನ ಕಣ್ಣಿನ ಜೊತೆಗೆ ಇನ್ನೊಂದು ಕಣ್ಣಿರಲೆಂದು ತಂಗಿ ರೇಣುಕಮ್ಮನನ್ನೂ ಕರೆತಂದ.

ರೇಣುಕಮ್ಮ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ವರ್ಷವೇ ಸ್ವಪ್ನಳ ತಾಯಿ ತೀರಿದ್ದಳು. ಅಂದು ತೊಟ್ಟಿಲ ಕೂಸನ್ನೆತ್ತಿಕೊಂಡು ಒಲೆಯ ಮುಂದೆ ಕುಳಿತ ರೇಣುಕಮ್ಮ ಈವರೆಗೂ ಎದ್ದಿರಲಿಲ್ಲ. ಒಮ್ಮೆ ದಾವಣಗೆರೆಯ ಹಾಸ್ಟೆಲಿನವರು ಅಡುಗೆ ಕೆಲಸಕ್ಕೆ ಕರೆದಿದ್ದರು. "ನಮ್ಮನೆ ಒಲೆ ಯಾರು ಉರಿಸ್ತಾರೆ?" ಎಂದು ಅಣ್ಣ ನಕ್ಕಿದ್ದ. ಆಕೆಯೂ ನಕ್ಕಿದ್ದಳು. ಅಲ್ಲಿಗೆ ಆ ಮಾತು ಮುಗಿದಿತ್ತು.

ಮೊದಲ ದಿನದ ಕೆಲಸ ಮೊಳಕಾಲ್ಮುರಿನಲ್ಲಿ, ಮಗ್ಗಗಳು ಸದ್ದು ಮಾಡುವ ಓಣಿಯಲ್ಲಿ. ಮೊದಲು ರೇಣುಕಮ್ಮ ಹೊಸ್ತಿಲಲ್ಲಿ ನಿಲ್ಲಬೇಕು. ಬೆಳಕು ನೋಡಿಕೊಳ್ಳುವುದಕ್ಕೆಂದು ಲೋಹಿತನದೊಂದು ಕ್ಲಿಕ್. ಆಮೇಲೆ ಅದೇ ಜಾಗದಲ್ಲಿ ಸ್ವಪ್ನ, ಇನ್ನೊಂದು ಕ್ಲಿಕ್.

"ಸರೀನಾ ಸ್ವಪ್ನಾ?" ಪ್ರತಿ ಸಲವೂ ಲೋಹಿತ ಕೇಳುವನು.

"ಅವಳನ್ಯಾಕೆ ಕೇಳ್ತೀಯಲೇ? ಫೋಟೋ ತೆಗೆಯೋನು ನೀನಾ, ಅವಳಾ?"

"ಮುಖ ಯಾವ ಕಡೆ ತಿರುಗಬೇಕು ಅನ್ನೋದು ಅವಳಿಗೇ ಗೊತ್ತಿರೋದು, ಮಾವಾ."

"ಮಾವ ಅಂದ್ರೆ ಹಲ್ಲು ಉದುರಿಸ್ತೀನಿ."

ರೇಣುಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳ ನಗು ಕೇಳಿ ಎಷ್ಟು ಕಾಲವಾಗಿತ್ತೆಂದು ಅಣ್ಣನಿಗೆ ಹೊಳೆಯಲಿಲ್ಲ. ಅವನ ಕಣ್ಣು ಮಗಳ ಮೇಲಿತ್ತು.

ನೋಡುತ್ತ ನೋಡುತ್ತ ಅವನಿಗೆ ಈ ಕಲೆಯ ಗುಟ್ಟು ತಿಳಿಯಿತು. ಹೆಂಗಸರು ಬಾಗಿಲು ದಾಟಿದಂತೆ ನಿಂತರು, ದಾಟಲಿಲ್ಲ. ಬಂಡೆಗಳ ನಡುವಿನ ದಾರಿಯಲ್ಲಿ ಓಡಿದಂತೆ ನಿಂತರು, ಓಡಲಿಲ್ಲ. ಕ್ಲಿಕ್ ಎಂದೊಡನೆ ತಿರುಗಿ ಬಂದು ಅವನ ಪಕ್ಕದಲ್ಲೇ ಕುಳಿತರು. ಹೋಗುವುದೆಲ್ಲ ನೋಡುವವನ ಕಣ್ಣಿನೊಳಗೆ. ನೆಲದ ಮೇಲೆ ಯಾರೂ ಎಲ್ಲಿಗೂ ಹೋಗುವುದಿಲ್ಲ. ಇಂಥ ಸಿನಿಮಾ ಎಷ್ಟು ಬೇಕಾದರೂ ತೆಗೆಯಲಿ ಎನ್ನಿಸಿತು ಅವನಿಗೆ.

ಆದರೂ ಈ ಬೆಳಿಗ್ಗೆ, ಕೊನೆಯ ದೃಶ್ಯವೆಂದು ಚಳ್ಳಕೆರೆಗೆ ಹೊರಡುವ ಮುನ್ನ, ಮಗಳು ಸಿದ್ಧಮಾಡಿದ ಕೈಚೀಲವನ್ನು ತೆರೆಸಿ ನೋಡಿದ್ದ. ಒಳಗೆ ರೇಣುಕಮ್ಮನ ಹಳೆಯ ಸೀರೆಗಳು, ಒಂದು ಬಾಚಣಿಗೆ.

"ಇದೆಲ್ಲ ಯಾಕೆ?"

"ಮನೆ ಬಿಟ್ಟು ಹೋಗೋಳ ಚೀಲ ತುಂಬಿರಬೇಕಪ್ಪಾ. ಖಾಲಿ ಇದ್ರೆ ಫೋಟೋದಾಗೆ ಸುಳ್ಳು ಕಾಣ್ತೈತೆ."

ಮಗಳ ಬಟ್ಟೆ ಒಂದೂ ಇರಲಿಲ್ಲ. ಅವನು ನಿರಾಳವಾಗಿ ಚೀಲದ ಬಾಯಿ ಕಟ್ಟಿಕೊಟ್ಟಿದ್ದ.

ದಾವಣಗೆರೆಯ ಬಸ್ಸು ಬರುವ ಮೊದಲು ಹಿರಿಯೂರಿನ ಬಸ್ಸಿನಲ್ಲಿಯೂ ಫೋಟೋ ತೆಗೆದಾಗಿತ್ತು. ರೇಣುಕಮ್ಮ ಹತ್ತಿದಂತೆ ನಿಂತು ಇಳಿದಳು. ಸ್ವಪ್ನ ಹತ್ತಿದಂತೆ ನಿಂತು ಇಳಿದಳು. ನೆರಳು ಬಿತ್ತೆಂದು ಲೋಹಿತ ಒಪ್ಪಲಿಲ್ಲ. ಈಗ ಎರಡನೆಯ ಸಲ.

"ಬೇಗ ಬೇಗ! ನನ್ನ ಬಸ್ಸಿಗೆ ಟೈಮು ಐತೆ, ನಿಮ್ಮ ಸಿನಿಮಾಕ್ಕೆ ಐತೋ ಇಲ್ವೋ!" ಕಂಡಕ್ಟರ್ ಕೂಗಿದ.

ಎಂದಿನಂತೆ ರೇಣುಕಮ್ಮ ಚೀಲ ಹಿಡಿದು ಮೊದಲು ಮೆಟ್ಟಿಲೇರಿದಳು. ಕ್ಲಿಕ್.

"ಅತ್ತೆ, ಒಂಚೂರು ಒಳಗೆ," ಎಂದಳು ಸ್ವಪ್ನ. "ಇನ್ನೂ ಒಳಗೆ. ಕಿಟಕಿ ಹತ್ರ ಕೂತ್ಕೋ. ಅಳಬ್ಯಾಡ, ಫೋಟೋದಾಗೆ ಬೀಳ್ತೈತೆ."

ಕಿಟಕಿಯ ಸರಳುಗಳ ಹಿಂದೆ ರೇಣುಕಮ್ಮನ ಮುಖ ತಿರುಗಿತು. ಕ್ಲಿಕ್. ಸೀಟಿ ಮೊಳಗಿತು. ಬಸ್ಸು ಅಲುಗಿತು.

ಬೊಮ್ಮಲಿಂಗಪ್ಪ ಹಿಡಿತ ಬಿಗಿಗೊಳಿಸಿದ. ಮಗಳು ಇಲ್ಲಿದ್ದಾಳೆ. ಕಳ್ಳ ಎದುರಿಗಿದ್ದಾನೆ. ಇನ್ನೇನು ಹೆದರಿಕೆ? ಬಸ್ಸು ಗೇಟು ದಾಟಿ ಧೂಳೆಬ್ಬಿಸಿಕೊಂಡು ತಿರುಗಿತು. ನಿಜಕ್ಕೂ ಹೋದಂತೆಯೇ ಕಾಣುತ್ತದಲ್ಲ ಎಂದು ಅವನು ಮೆಚ್ಚಿಕೊಂಡ. ಆಮೇಲೆ ಅದು ಹಿಂದಿರುಗಲೆಂದು ಕಾದ.

"ಎಲ್ಲಿ, ಇಳಿಸ್ರೋ ಅವಳನ್ನ. ಸ್ವಪ್ನ ಹತ್ತೋದು ಯಾವಾಗ?"

ಲೋಹಿತ ಕ್ಯಾಮೆರಾದ ಮುಚ್ಚಳ ಹಾಕಿದ. "ಸರೀನಾ ಸ್ವಪ್ನಾ?"

"ಸರಿ," ಎಂದಳವಳು. ಕೈ ಬಿಡಿಸಿಕೊಳ್ಳಲು ಯತ್ನಿಸಲಿಲ್ಲ. "ನಾನು ಹತ್ತೋದಿಲ್ಲಪ್ಪಾ. ನನ್ನ ಫೋಟೋ ಒಂದೂ ಇದ್ರಾಗೆ ಹಾಕಲ್ಲ."

ಬೊಮ್ಮಲಿಂಗಪ್ಪನ ಮುಷ್ಟಿಯಲ್ಲಿದ್ದದ್ದು ನಿರ್ದೇಶಕಿಯ ಕೈ. ನಾಯಕಿ ಆಗಲೇ ಊರು ದಾಟಿದ್ದಳು.